ಕಾರ್ಡಿನ ಒಳಗೆ ಏನೂ ಅಚ್ಚು ಹಾಕಿಸಬೇಡಿ

ಹೊರಗೆ ಒಂದು ಜಲವರ್ಣ ಚಿತ್ರ, ಒಳಗೆ ಪೂರ್ತಿ ಖಾಲಿ. ಗಿಡ, ಹೊಳೆ, ಮಳೆ, ಬಿಸಿಲು ಬಿಡಿಸಿದ ಇಂಥ ಮಡಚುವ ಕಾರ್ಡುಗಳನ್ನು ಮನೆಯಲ್ಲೇ ಮಾಡುವ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದಲೇ ಜಾಸ್ತಿ ಪತ್ರ ಬಂದವು, ಹಾಗಾಗಿ ಈ ಸಲದ ಪುಟ ಪೂರ್ತಿ ಅವರಿಗೇ. ಹೆಸರು ಹಾಕಬೇಡಿ ಅಂದವರು ಕೆಲವರಿದ್ದಾರೆ, ಆದ್ದರಿಂದ ಯಾರ ಹೆಸರೂ ಹಾಕಿಲ್ಲ. ಊರು ಮಾತ್ರ ಇದೆ.

ಪ್ರಶ್ನೆ: ನಾನು ಗೃಹಿಣಿ. ಮಕ್ಕಳು ಶಾಲೆಗೆ ಹೋದ ಮೇಲೆ ಗದ್ದೆ, ಹೊಳೆ, ಹೂವು ಅಂತ ವಾಟರ್ ಕಲರಿನಲ್ಲಿ ಬಿಡಿಸುತ್ತೇನೆ. ಅವನ್ನು ಕಾರ್ಡು ಮಾಡಿ ಮಾರಬೇಕು ಅಂತ ಆಸೆ. ಒಳಗೆ ‘ಹಾರ್ದಿಕ ಶುಭಾಶಯಗಳು’ ಅಂತ ಅಚ್ಚು ಹಾಕಿಸಲೋ, ಖಾಲಿ ಬಿಡಲೋ? ಖಾಲಿ ಕಾರ್ಡಿಗೆ ಯಾರು ದುಡ್ಡು ಕೊಡ್ತಾರೆ ಅಂತ ನಮ್ಮ ಮನೆಯವರು ನಗುತ್ತಾರೆ. (ಗಂಗಾವತಿ)

ನಗಲಿ ಬಿಡಿ ಅಕ್ಕಾರೇ, ಒಳಗೆ ಖಾಲಿಯೇ ಇರಲಿ. ‘ದೀಪಾವಳಿ ಶುಭಾಶಯ’ ಅಂತ ಅಚ್ಚಾದ ಕಾರ್ಡು ದೀಪಾವಳಿಯ ಹಿಂದಿನ ವಾರ ಮಾತ್ರ ಹೋಗುತ್ತದೆ. ಉಳಿದದ್ದು ಮುಂದಿನ ದೀಪಾವಳಿವರೆಗೆ ಅಟ್ಟದ ಮೇಲೆ. ಏನೂ ಬರೆಯದ ಕಾರ್ಡಿಗೆ ಆ ಕಾಟ ಇಲ್ಲ. ಮಗು ಹುಟ್ಟಿದ ಮನೆಗೂ ಹೋಗುತ್ತದೆ, ಸಾವಾದ ಮನೆಗೂ ಹೋಗುತ್ತದೆ, ನಿವೃತ್ತಿಯಾದ ಮೇಷ್ಟ್ರಿಗೂ, ಆಪರೇಷನ್ ಆಗಿ ಮಲಗಿರುವ ಚಿಕ್ಕಮ್ಮನಿಗೂ, ಸುಮ್ನೆ ‘ನೆನಪಾಯ್ತು, ಬರೆದೆ’ ಅನ್ನುವುದಕ್ಕೂ ನಡೆಯುತ್ತದೆ. ಅದರಲ್ಲೂ ಸಾವಿನ ಮನೆಗೆ ಕಳಿಸುವಾಗ ಅಚ್ಚಾದ ಸಾಲು ಯಾವುದೂ ಸರಿಹೋಗುವುದಿಲ್ಲ, ಅಲ್ವಾ? ಹೋದವರ ಹೆಸರು, ಅವರು ಯಾವತ್ತೋ ಮಾಡಿದ ಒಂದು ಉಪಕಾರ, ಇಷ್ಟು ಬರೆಯಲು ಜಾಗ ಬೇಕು. ಗಿರಾಕಿ ನಿಮ್ಮ ಚಿತ್ರಕ್ಕೆ ದುಡ್ಡು ಕೊಡುವ ಹಾಗೇ ಆ ಜಾಗಕ್ಕೂ ಕೊಡುತ್ತಾರೆ ಅಂತ ಮನೆಯವರಿಗೆ ಹೇಳಿ.

ಮಾತನ್ನೂ ಅಚ್ಚು ಹಾಕಿ ಮಾರುವುದು ಹಳೇ ಚಾಳಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು ಜಾನ್ ಕಾಲ್ಕಾಟ್ ಹಾರ್ಸ್ಲಿ ಅನ್ನುವ ಕಲಾವಿದರಿಂದ ಬರೆಸಿದ ಕಾರ್ಡನ್ನೇ ಮೊದಲ ಕ್ರಿಸ್‌ಮಸ್ ಕಾರ್ಡು ಅನ್ನುತ್ತಾರೆ. ಅದರ ಮೇಲೆ ಶುಭಾಶಯದ ಸಾಲು ಮೊದಲೇ ಅಚ್ಚಾಗಿತ್ತು. ಯಾರಿಗೆ, ಯಾರಿಂದ ಅಂತ ತುಂಬುವುದು ಮಾತ್ರ ಬಾಕಿ. ರಾಶಿ ಪತ್ರಗಳಿಗೆ ಉತ್ತರ ಬರೆಯುವ ಕೆಲಸ ತಪ್ಪಿಸಿಕೊಳ್ಳಬೇಕಾದವರಿಗೆ ಅದು ಸರಿ. ನಿಮ್ಮ ಗಿರಾಕಿ ಹಾಗಲ್ಲ, ಬರೆಯಬೇಕು ಅಂತಲೇ ಕಾರ್ಡು ಹುಡುಕುವವರು.

ಆದರೆ ಒಳಗೆ ಖಾಲಿ ಬಿಟ್ಟರೆ ಕೆಲಸ ಮುಗಿಯಿತು ಅಂತ ಅಲ್ಲ. ಅಲ್ಲಿ ಪೆನ್ನು ಓಡಬೇಕು. ಒರಟು ಹ್ಯಾಂಡ್‌ಮೇಡ್ ಕಾಗದವನ್ನು ಮಡಚಿ ಕಾರ್ಡು ಮಾಡಿದರೆ ಹೊರಗೆ ನೋಡಲು ಚೆಂದ, ಒಳಗೆ ಬಾಲ್ ಪೆನ್ನು ಮುಗ್ಗರಿಸುತ್ತದೆ, ಎಷ್ಟೋ ಸಲ ಇಂಕ್ ಪೆನ್ನಿನ ಶಾಯಿಯೂ ಹರಡುತ್ತದೆ. ಅದಕ್ಕೆ ನನ್ನ ಸಲಹೆ ಏನೆಂದರೆ, ಚಿತ್ರವನ್ನು ವಾಟರ್ ಕಲರ್ ಕಾಗದದ ಸಣ್ಣ ತುಂಡಿನ ಮೇಲೆ ಬಿಡಿಸಿ, ಅದನ್ನು 250 ಜಿಎಸ್‌ಎಂನ (ಜಿಎಸ್‌ಎಂ ಅಂದರೆ ಕಾಗದದ ದಪ್ಪ ಹೇಳುವ ಅಳತೆ) ನಯವಾದ, ಹೊಳಪಿಲ್ಲದ ಕಾರ್ಡಿನ ಮುಖಕ್ಕೆ ಡಬಲ್ ಸೈಡ್ ಟೇಪಿನಿಂದ ಅಂಟಿಸಿ. ನೀರು ಬೆರೆಸಿದ ಅಂಟು ಬೇಡ, ಸುಕ್ಕು ಬರುತ್ತದೆ. ಹೀಗೆ ಮಾಡಿದರೆ ಚಿತ್ರ ಕೆಟ್ಟರೂ ಕಾರ್ಡು ಉಳಿಯುತ್ತದೆ. ಮಡಚುವ ಮುಂಚೆ ಶಾಯಿ ಮುಗಿದ ರಿಫಿಲ್ಲಿನಿಂದ ಸ್ಕೇಲಿಟ್ಟು ಗೆರೆ ಒತ್ತಿ, ಆ ತಗ್ಗು ಹೊರಗಡೆ ಬರುವ ಹಾಗೆ ಮಡಚಿ. ಮೊದಲು ಕಾಗದವನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಕಡೆಗೇ ಮಡಿಕೆ ಬರಬೇಕು. ಇಲ್ಲದಿದ್ದರೆ ಮಡಿಕೆಯ ಅಂಚು ಬಿರಿಯುತ್ತದೆ.

ಹಿಂಬದಿಯಲ್ಲಿ ಕೆಳಗೆ ಸಣ್ಣದಾಗಿ ಬರೆಯಿರಿ: ಯಾವ ಜಾಗ, ಯಾವ ತಿಂಗಳು, ಯಾರು ಬಿಡಿಸಿದ್ದು. ‘ಆನೆಗೊಂದಿ ಗದ್ದೆ, ಆಗಸ್ಟ್’ ಅಂತಿದ್ದರೆ ಸಾಕು. ಅಕ್ಷರಗಳು ಅಷ್ಟೇ ಇರಲಿ.

ಪ್ರಶ್ನೆ: ಬಿ.ಎ. ಓದುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ಕಾರ್ಡು ಮಾಡಲು ಕೂತರೆ ಆಕಾಶದ ಬಣ್ಣ ಅರ್ಧ ಎಳೆಯುವಷ್ಟರಲ್ಲಿ ಒಣಗಿ ಗೆರೆ ಬೀಳುತ್ತದೆ. ಕಾಗದವಂತೂ ಹಪ್ಪಳದ ಹಾಗೆ ಏಳುತ್ತದೆ. ಬಣ್ಣ ಕಳಪೆಯೋ, ನನ್ನ ಕೈ ಕಳಪೆಯೋ? (ರಾಯಚೂರು)

ಎರಡೂ ಅಲ್ಲ. ರಾಯಚೂರಿನ ಮೇ ತಿಂಗಳು, ಅಷ್ಟೇ. 40 ಡಿಗ್ರಿ ದಾಟಿದ ಒಣ ಹವೆಯಲ್ಲಿ ನೀರು ಕಾಗದದ ಮೇಲೆ ನಿಲ್ಲುವುದೇ ಇಲ್ಲ, ಇನ್ನು ಬಣ್ಣ ಹರಡುವುದಕ್ಕೆ ಸಮಯ ಎಲ್ಲಿಂದ ಬರಬೇಕು?

ಮೊದಲು ಕಾಗದದ ವಿಷಯ. ಶಾಲೆಯ ಡ್ರಾಯಿಂಗ್ ಶೀಟು ಪೆನ್ಸಿಲ್ಲಿಗೆ, ಕ್ರೇಯಾನ್‌ಗೆ ಮಾಡಿದ್ದು. ಒಂದು ಕಡೆ ಮಾತ್ರ ನೀರು ಕುಡಿದರೆ ಆ ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಹಾಗೇ ಇರುತ್ತದೆ, ಅದಕ್ಕೇ ಏಳುತ್ತದೆ. 300 ಜಿಎಸ್‌ಎಂ ವಾಟರ್ ಕಲರ್ ಕಾಗದ ತನ್ನಿ. ಎ4 ಹಾಳೆಯನ್ನು ಪ್ಲೈವುಡ್ ತುಂಡಿನ ಮೇಲೆ ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್ ಹಾಕಿ ಕೂರಿಸಿ, ಮಧ್ಯೆಯೂ ಟೇಪ್ ಎಳೆದು ನಾಲ್ಕು ಚೌಕ ಮಾಡಿಕೊಂಡರೆ ಒಂದೇ ಸಲಕ್ಕೆ ನಾಲ್ಕು ಚಿತ್ರ ಆಗುತ್ತವೆ, ಸುತ್ತ ಬಿಳಿ ಅಂಚೂ ಪುಕ್ಕಟೆ ಸಿಗುತ್ತದೆ. ಪೂರ್ತಿ ಒಣಗಿದ ಮೇಲೆಯೇ ಟೇಪ್ ಕೀಳಿ, ಚಿತ್ರದಿಂದ ಹೊರಗಡೆಗೆ ಎಳೆಯಿರಿ.

ಅಂಗಡಿಯಲ್ಲಿ ಎರಡು ಜಾತಿ ಕಾಗದ ಸಿಗುತ್ತದೆ. ಮರದ ತಿರುಳಿನದು ಅಗ್ಗ, ನೂರಕ್ಕೆ ನೂರು ಹತ್ತಿಯದು ದುಬಾರಿ. ಹತ್ತಿಯ ಕಾಗದ ನೀರನ್ನು ಜಾಸ್ತಿ ಹೊತ್ತು ಹಿಡಿದಿಡುತ್ತದೆ, ಅಂದರೆ ನಿಮ್ಮ ಆಕಾಶದ ಸಮಸ್ಯೆ ಅಲ್ಲೇ ಅರ್ಧ ಕಡಿಮೆ. (ರಾಯಚೂರಿನ ಮಾರುಕಟ್ಟೆಗೆ ಗಾಡಿಗಟ್ಟಲೆ ಹತ್ತಿ ಬರುತ್ತದೆ, ನಾವು ಹತ್ತಿ ಕಾಗದಕ್ಕೆ ಮಾತ್ರ ಜೈಪುರದ ಸಾಂಗಾನೇರ್ ಕಡೆ ನೋಡಬೇಕು. ಬನಿಯನ್ ಬಟ್ಟೆಯ ಚಿಂದಿಯಿಂದ ಅಲ್ಲಿ ಕಾಗದ ಮಾಡುತ್ತಾರೆ. ಇರಲಿ, ಅದು ಬೇರೆ ಮಾತು.) ಅಭ್ಯಾಸಕ್ಕೆ ಅಗ್ಗದ್ದು, ಮಾರುವುದಕ್ಕೆ ಹತ್ತಿಯದು ಅಂತ ಇಟ್ಟುಕೊಳ್ಳಿ.

ಇನ್ನು ಒಣಗುವುದು. ಬೆಳಿಗ್ಗೆ ಆರರಿಂದ ಎಂಟರೊಳಗೆ ಆಕಾಶ, ನೀರು, ದೂರದ ಗುಡ್ಡ ಮುಗಿಸಿಬಿಡಿ. ಫ್ಯಾನ್ ಆರಿಸಿ. ಟೇಪ್ ಹಾಕುವ ಮುಂಚೆ ಒದ್ದೆ ಸ್ಪಂಜಿನಿಂದ ಕಾಗದದ ಹಿಂಬದಿಯನ್ನೂ ಒರೆಸಿ, ತೇವ ಕೆಳಗಿನಿಂದಲೂ ಇರಲಿ. ಬಣ್ಣವನ್ನು ಮೊದಲೇ ಬೇಕಾದ್ದಕ್ಕಿಂತ ಜಾಸ್ತಿ ಕಲಸಿಟ್ಟುಕೊಳ್ಳಿ, ಮಧ್ಯೆ ಕಲಸಲು ಹೋದರೆ ಅಷ್ಟರಲ್ಲಿ ಗೆರೆ ಬಿದ್ದಿರುತ್ತದೆ. ದೊಡ್ಡ ಬ್ರಷ್ ಹಿಡಿಯಿರಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲಿಸರಿನ್ ಒಂದೆರಡು ಹನಿ ನೀರಿಗೆ ಹಾಕಿದರೆ ಬಣ್ಣ ನಿಧಾನ ಒಣಗುತ್ತದೆ. ಜಾಸ್ತಿಯಾದರೆ ಒಣಗುವುದೇ ಇಲ್ಲ, ಅಂಟಂಟಾಗುತ್ತದೆ, ಹುಷಾರು. ಮನೆಯಲ್ಲಿ ಕೂಲರ್ ಇದ್ದರೆ ಆ ಕೋಣೆಯಲ್ಲೇ ಕೂರಿ, ಹವೆಯಲ್ಲಿ ತೇವ ಇರುತ್ತದೆ. ಆದರೆ ಗಾಳಿ ನೇರವಾಗಿ ಹಾಳೆಗೆ ಬಡಿಯಬಾರದು. ಇಷ್ಟಾದರೂ ಗೆರೆ ಬಿತ್ತು ಅಂದರೆ ಅದನ್ನು ಉಜ್ಜಬೇಡಿ. ಪೂರ್ತಿ ಒಣಗಲು ಬಿಟ್ಟು, ಆಮೇಲೆ ಇಡೀ ಆಕಾಶಕ್ಕೆ ಬರೀ ನೀರು ಸವರಿ ಇನ್ನೊಂದು ತೆಳು ಪದರ ಹಾಕಿ.

ಬಿಸಿಲನ್ನೇ ಬಳಸಿಕೊಳ್ಳುವುದೂ ಉಂಟು. ಬ್ರಷ್ಷನ್ನು ಬಟ್ಟೆಗೆ ಒತ್ತಿ ನೀರು ತೆಗೆದು ಒರಟು ಕಾಗದದ ಮೇಲೆ ಎಳೆದರೆ ಬಂಡೆ, ಒಣ ಹುಲ್ಲು, ಜಾಲಿಯ ತೊಗಟೆ ತಾನಾಗಿ ಬರುತ್ತವೆ. ಮೇ ತಿಂಗಳಲ್ಲಿ ಅದನ್ನು ಮಾಡಿ, ಮೋಡ ಮಂಜನ್ನು ಸೆಪ್ಟೆಂಬರಿಗೆ ಇಡಿ. ನಮ್ಮ ಕಡೆ ಮಳೆ ಜಾಸ್ತಿ ಬೀಳುವುದೂ ಆಗಲೇ.

ಪ್ರಶ್ನೆ: ನಿವೃತ್ತ ಚಿತ್ರಕಲಾ ಶಿಕ್ಷಕ. ಓಣಿಯ ಮಕ್ಕಳಿಗೆ ‘ನಾಲ್ಕು ಋತುಗಳ ಕಾರ್ಡು ಮಾಡ್ರಿ’ ಅಂದೆ. ಹಿಮ ಬಿದ್ದ ಗುಡಿಸಲು, ಕೆಂಪು ಮೇಪಲ್ ಎಲೆ ತಂದರು! ಬೈಯಲು ಹೋದರೆ ಅವರೇ ಕೇಳಿದರು, ನಮ್ಮ ಕಡೆ ಋತು ಎಲ್ಲಿವೆ ಸರ್, ಬೇಸಿಗೆ ಒಂದು, ಕಡು ಬೇಸಿಗೆ ಒಂದು ಅಂತ. ಏನು ಹೇಳಲಿ? (ಕೊಪ್ಪಳ)

ಸರ್, ಹುಡುಗರ ಮಾತು ಜೋರಾಗಿದೆ, ಆದರೆ ಒಪ್ಪಲು ಆಗುವುದಿಲ್ಲ. ಪಂಚಾಂಗದಲ್ಲಿ ಆರು ಋತು. ನಮ್ಮ ರೈತರ ಲೆಕ್ಕದಲ್ಲಿ ಇನ್ನೂ ಜಾಸ್ತಿ: ರೋಹಿಣಿ, ಮೃಗಶಿರ, ಆರಿದ್ರಾದಿಂದ ಹಿಡಿದು ಹಸ್ತ, ಚಿತ್ತ, ಸ್ವಾತಿವರೆಗೆ ಒಂದೊಂದು ಮಳೆಗೂ ಒಂದೊಂದು ಹೆಸರು. ನಾಲ್ಕು ಋತು, ಅದರಲ್ಲೊಂದು ಹಿಮ, ಇದು ಬೇರೆ ದೇಶದ ಕ್ಯಾಲೆಂಡರಿನಿಂದ ಬಂದದ್ದು. ಅಲ್ಲಿನವರು ಅವರ ಕಿಟಕಿಯಲ್ಲಿ ಕಂಡದ್ದನ್ನು ಬಿಡಿಸಿದರು, ಅದರಲ್ಲಿ ತಪ್ಪೇನಿಲ್ಲ. ಮಕ್ಕಳಿಗೆ ಬೈಯುವ ಬದಲು ಶಾಲೆಯ ದಾರಿಯಲ್ಲಿ ಈ ತಿಂಗಳು ಏನು ಕಾಣುತ್ತದೆ ಅಂತ ಕೇಳಿ. ಕೆಂಪು ಎಲೆಯೇ ಬೇಕು ಅಂತ ಹಟ ಮಾಡಿದರೆ ಬಾದಾಮಿ ಗಿಡದ ಕೆಳಗೆ ಕರೆದುಕೊಂಡು ಹೋಗಿ, ಎಷ್ಟೋ ಶಾಲೆಯ ಅಂಗಳದಲ್ಲಿ ಒಂದು ಇದ್ದೇ ಇರುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಅದರ ದೊಡ್ಡ ದೊಡ್ಡ ಎಲೆ ಕೆಂಪಗಾಗಿ ಉದುರುತ್ತವೆ. ಮೇಪಲ್ಲಿಗೇನು ಕಡಿಮೆ?

ಫೆಬ್ರವರಿ, ಮಾರ್ಚಿನಲ್ಲಿ ಮುತ್ತುಗ ಹೂ ಬಿಡುತ್ತದೆ. ಎಲೆ ಒಂದೂ ಇಲ್ಲ, ಬೋಳು ಕೊಂಬೆಯ ತುಂಬ ಕಿತ್ತಳೆ. ಕಾರ್ಡಿಗೆ ಇದಕ್ಕಿಂತ ಒಳ್ಳೇ ಚಿತ್ರ ಇಲ್ಲ, ಯಾಕೆಂದರೆ ಒಂದೇ ಒಂದು ರೆಂಬೆ ಓರೆಯಾಗಿ ಎಳೆದು ಉಳಿದ ಜಾಗ ಪೂರ್ತಿ ಬಿಳಿ ಬಿಡಬಹುದು. ಅದೇ ಹೊತ್ತಿಗೆ ಹೊಂಗೆ ಚಿಗುರುತ್ತದೆ. ಆ ಹೊಳೆಯುವ ಎಳೇ ಹಸಿರು ಟ್ಯೂಬಿನಲ್ಲಿ ಸಿಗುವುದಿಲ್ಲ, ನಿಂಬೆ ಹಳದಿಗೆ ಚೂರೇ ಚೂರು ನೀಲಿ ಸೇರಿಸಬೇಕು. ಯುಗಾದಿಗೆ ಬೇವಿನ ಹೂ. ಬಿಡಿಸಲು ಕಷ್ಟ, ಸಣ್ಣ ಸಣ್ಣ ಚುಕ್ಕೆ. ಒಂದು ಗೊಂಚಲನ್ನು ಹತ್ತಿರದಿಂದ ನೋಡಿ ಬಿಡಿಸಿದರೆ ಬರುತ್ತದೆ. ಏಪ್ರಿಲ್, ಮೇನಲ್ಲಿ ಕಕ್ಕೆಯ ಹಳದಿ ಗೊಂಚಲು, ಗುಲ್ಮೊಹರಿನ ಕೆಂಪು. ಗುಲ್ಮೊಹರ್ ಮೂಲ ಮಡಗಾಸ್ಕರದ್ದು, ಇರಬಹುದು, ಆದರೆ ಅದಿಲ್ಲದ ಮೇ ತಿಂಗಳ ರಸ್ತೆ ನಮ್ಮಲ್ಲಿ ಎಲ್ಲಿದೆ ಹೇಳಿ. ‘ಕಡು ಬೇಸಿಗೆ’ ಅಂತ ಮಕ್ಕಳು ಹೇಳಿದ್ದನ್ನೂ ಬಿಡಬೇಡಿ: ತುಂಗಭದ್ರೆ ಇಳಿದು ಬಂಡೆಗಳೆಲ್ಲ ಹೊರಗೆ ಬಂದಿರುವುದು, ದಂಡೆಯಲ್ಲಿ ಬೋರಲು ಹಾಕಿದ ಹರಿಗೋಲು, ಬಿರುಕು ಬಿಟ್ಟ ಎರೆ ಭೂಮಿ. ಅದೂ ಒಂದು ಋತುವೇ.

ಜೂನಿನಲ್ಲಿ ಕಾರಹುಣ್ಣಿಮೆ. ಕೊಂಬಿಗೆ ಬಣ್ಣ ಬಳಿದ ಎತ್ತು ಬಿಡಿಸಲು ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. ಆದರೆ ಅವರಿಗೆ ಮಣ್ಣಿನ ಬಣ್ಣ ಕಲಿಸಿ. ಮೊದಲ ಮಳೆ ಬಿದ್ದ ಎರೆ ಹೊಲಕ್ಕೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಅಂಬರ್ ಅನ್ನುವ ಕಂದು ಸೇರಿಸಿದರೆ ಜೀವ ಇರುವ ಕಪ್ಪು ಬರುತ್ತದೆ. ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಬರ್ಂಟ್ ಸಿಯೆನಾ ಅನ್ನುವ ಕೆಂಗಂದು ಸಾಕು. ಒಂದೇ ಕಾರ್ಡಿನಲ್ಲಿ ಎರಡೂ ಹೊಲ ಅಕ್ಕಪಕ್ಕ ಹಾಕಿ, ಮೇಲೆ ಮೋಡ ಹಾಕಿದರೆ ನೋಡಿದವರಿಗೆ ಇದು ಯಾವ ಸೀಮೆ ಅಂತ ಹೇಳುವುದೇ ಬೇಡ.

ಮುಂದೆ ಮುನಿರಾಬಾದಿನ ತುಂಗಭದ್ರಾ ಡ್ಯಾಮು ತುಂಬುತ್ತದೆ. ಅದರ ಕ್ರೆಸ್ಟ್ ಗೇಟು 33, ಎಲ್ಲವನ್ನೂ ಎಣಿಸಿ ಬಿಡಿಸಬೇಡಿ. ಎರಡು ಮೂರು ಗೇಟು, ಕೆಳಗೆ ಬಿಳಿ ನೊರೆ, ಉಳಿದದ್ದು ಮಂಜು. ನೊರೆಗೆ ಬಿಳಿ ಬಣ್ಣ ಬೇಡ, ಕಾಗದವನ್ನೇ ಬಿಡಿ. ಗಂಗಾವತಿ, ಸಿಂಧನೂರಿನ ನಾಟಿ ಗದ್ದೆಯ ಬೆಳ್ಳಕ್ಕಿಯೂ ಹಾಗೇ, ಸುತ್ತಲಿನ ಹಸಿರು ಬಳಿದರೆ ಬೆಳ್ಳಕ್ಕಿ ಉಳಿದುಕೊಳ್ಳುತ್ತದೆ. ದಸರೆಗೆ ಬನ್ನಿ ಗಿಡ. ನವೆಂಬರಿಗೆ ತೊಗರಿ ಹೂ, ಬಿರಿದ ಹತ್ತಿ. ಎಳ್ಳಮಾವಾಸ್ಯೆಗೆ ತೆನೆ ಹೊತ್ತ ಜೋಳ, ಅದರ ಮೇಲೆ ಎರಗುವ ಗುಲಾಬಿ ಕಬ್ಬಕ್ಕಿಯ ಹಿಂಡು. ಅವು ಚಳಿಗಾಲ ಕಳೆಯಲು ಬರುವ ಅತಿಥಿಗಳು. ಒಂದೊಂದೇ ಹಕ್ಕಿ ಬೇಡ, ಬ್ರಷ್ಷಿನ ತುದಿಯಿಂದ ಚುಕ್ಕೆ ಇಟ್ಟರೆ ಹಿಂಡಾಗುತ್ತದೆ.

ನಾಲ್ಕೇ ಆರಿಸಿ ಅಂದರೆ ನನ್ನ ನಾಲ್ಕು ಇವು: ಮುತ್ತುಗ, ಮೊದಲ ಮಳೆಯ ಎರೆ ಹೊಲ, ಗದ್ದೆಯ ಬೆಳ್ಳಕ್ಕಿ, ಬಿರಿದ ಹತ್ತಿ. ಹತ್ತಿ ಯಾಕೆ ಅಂದರೆ ಬಿಳಿ ಕಾಗದದ ಮೇಲೆ ಬಿಳಿ ಹತ್ತಿ ಬಿಡಿಸುವುದರಲ್ಲೇ ಜಲವರ್ಣದ ಅರ್ಧ ಪಾಠ ಇದೆ. ಬೂದು ನೇರಳೆಯ ನೆರಳು ಮಾತ್ರ ಹಾಕಬೇಕು, ಹತ್ತಿಯನ್ನು ಮುಟ್ಟಲೇಬಾರದು. ಹಂಪಿಯ ಕಲ್ಲಿನ ರಥ ಮಾತ್ರ ಬೇಡ ಸರ್. ಅದು ಚೆನ್ನಾಗಿಲ್ಲ ಅಂತಲ್ಲ, ಎಲ್ಲ ಕಾರ್ಡಿನ ಮೇಲೂ ಅದೇ ಇದೆ.

ಪ್ರಶ್ನೆ: ಬಳ್ಳಾರಿ ಗುಡ್ಡದ ಬಂಡೆಗೆ ಕಪ್ಪು ಬಣ್ಣ ಹಾಕಿದರೆ ಚಿತ್ರವೇ ಸತ್ತಂತೆ ಕಾಣುತ್ತದೆ. ಯಾಕೆ? (ಬಳ್ಳಾರಿ)

ಕಪ್ಪು ಟ್ಯೂಬನ್ನು ಡಬ್ಬಿಯಿಂದ ತೆಗೆದಿಡಿ. ಬಂಡೆ ಕಪ್ಪಲ್ಲ. ಬೆಳಿಗ್ಗೆ ಏಳು ಗಂಟೆಗೆ ಹೋಗಿ ನೋಡಿ, ತಿಳಿ ಗುಲಾಬಿ ಬೆರೆತ ಕಂದು. ಬಿಸಿಲು ಬಿದ್ದ ನೆತ್ತಿಯನ್ನು ಕಾಗದದ ಬಿಳಿಯಾಗೇ ಬಿಡಿ, ಮೈಗೆ ಯೆಲ್ಲೋ ಓಕರ್ ತೆಳುವಾಗಿ, ನೆರಳಿಗೆ ಅಲ್ಟ್ರಾಮರೀನ್ ಜೊತೆ ಬರ್ಂಟ್ ಸಿಯೆನಾ. ಮುಗಿಯಿತು.

ಪ್ರಶ್ನೆ: ಒಂದೊಂದು ಕಾರ್ಡನ್ನೂ ಕೈಯಲ್ಲಿ ಬಿಡಿಸಿ ಸಾಕಾಯಿತು. ಪ್ರಿಂಟ್ ಮಾಡಿಸಿದೆ, ಬಣ್ಣವೆಲ್ಲ ಬಿಳಚಿ ಬಂತು. ಅಂಗಡಿಯವರು ಹೊಳಪಿನ ಲ್ಯಾಮಿನೇಷನ್ ಮಾಡಿದರೆ ಸರಿಹೋಗುತ್ತದೆ ಅಂತಾರೆ. (ಸಿಂಧನೂರು)

ಹೋಗುವುದಿಲ್ಲ. ಲ್ಯಾಮಿನೇಷನ್ ಮಾಡಿದರೆ ಜಲವರ್ಣದ ಮೆದು ಹೋಗುತ್ತದೆ, ಒಳಗೂ ಮಾಡಿಬಿಟ್ಟರೆ ಬರೆಯಲೂ ಆಗುವುದಿಲ್ಲ. ಬಿಳಚಿದ್ದು ಸ್ಕ್ಯಾನ್ ಮಾಡುವಾಗಲೇ ಇರಬೇಕು. ಸ್ಕ್ಯಾನರ್ ಹಿನ್ನೆಲೆಯನ್ನು ತಾನೇ ಬಿಳಿ ಮಾಡಲು ಹೋಗಿ ತೆಳುವಾಗಿ ಹರಡಿದ ಬಣ್ಣವನ್ನು ನುಂಗುತ್ತದೆ. ಆ ಆಟೋ ಸೆಟ್ಟಿಂಗ್ ಆರಿಸಿ, 600 ಡಿಪಿಐನಲ್ಲಿ (ಇಂಚಿಗೆ ಇಷ್ಟು ಚುಕ್ಕೆ ಅನ್ನುವ ಲೆಕ್ಕ) ಸ್ಕ್ಯಾನ್ ಮಾಡಿಸಿ. ಕಾರ್ಡಿನ ಅಳತೆಗೆ ಅಚ್ಚಾಗುವಾಗ ಕಡೇಪಕ್ಷ 300 ಡಿಪಿಐ ಉಳಿಯಬೇಕು. ಮುತ್ತುಗ, ಗುಲ್ಮೊಹರಿನ ಉರಿಯುವ ಕಿತ್ತಳೆ ಮಾತ್ರ ನಾಲ್ಕು ಬಣ್ಣದ ಅಚ್ಚಿನಲ್ಲಿ ಮೂಲದ ಹಾಗೇ ಬರುವುದಿಲ್ಲ, ಸ್ವಲ್ಪ ಮಂಕಾಗುತ್ತದೆ. ಇದು ಅಚ್ಚಿನವರ ತಪ್ಪಲ್ಲ, ಶಾಯಿಯ ಮಿತಿ. ಅದಕ್ಕೇ ನೂರು ಕಾರ್ಡು ಹೇಳುವ ಮುಂಚೆ ಒಂದೇ ಒಂದು ಪ್ರತಿ ತೆಗೆಸಿ, ಮೂಲದ ಪಕ್ಕ ಇಟ್ಟು ಬಿಸಿಲಿನ ಬೆಳಕಲ್ಲಿ ನೋಡಿ.

ಕಾಗದ 250 ಅಥವಾ 300 ಜಿಎಸ್‌ಎಂ, ಹೊಳಪಿಲ್ಲದ್ದು. ‘ಆರ್ಟ್ ಕಾರ್ಡು’ ಅಂದರೆ ಹೊಳಪಿನದ್ದು ಕೊಡುತ್ತಾರೆ. ಅದರ ಮೇಲೆ ಜೆಲ್ ಪೆನ್ನಿನಲ್ಲಿ ಬರೆದು ಬೆರಳಿನಿಂದ ಉಜ್ಜಿ ನೋಡಿ, ಗೊತ್ತಾಗುತ್ತದೆ. ಕಡಿಮೆ ಪ್ರತಿಗೆ ಡಿಜಿಟಲ್ ಪ್ರಿಂಟೇ ಸಾಕು, ಸಾವಿರದ ಹತ್ತಿರ ಬೇಕಾದಾಗ ಆಫ್‌ಸೆಟ್ ಅಗ್ಗವಾಗುತ್ತದೆ. ಲೇಸರ್ ಪ್ರಿಂಟಿನ ಬಣ್ಣ ಕಾಗದದ ಮೇಲ್ಮೈಯಲ್ಲೇ ಕೂತಿರುತ್ತದೆ, ಸುಮ್ಮನೆ ಮಡಚಿದರೆ ಮಡಿಕೆಯಲ್ಲಿ ಒಡೆಯುತ್ತದೆ, ಹಾಗಾಗಿ ಕ್ರೀಸಿಂಗ್, ಅಂದರೆ ಮಡಚುವ ಮುಂಚೆ ಗೆರೆ ಒತ್ತುವುದು, ಮಾಡಿಸಲೇಬೇಕು.

ಮಧ್ಯದ ದಾರಿಯೂ ಇದೆ. ಗೆರೆಚಿತ್ರ ಮಾತ್ರ ಒಳ್ಳೇ ಕಾಗದದ ಮೇಲೆ, ನೀರಿಗೆ ಕದಡದ ಶಾಯಿಯಲ್ಲಿ ಅಚ್ಚು ಹಾಕಿಸಿ, ಬಣ್ಣವನ್ನು ಕೈಯಲ್ಲಿ ತುಂಬುವುದು. ಮೇಲೆ ಹೇಳಿದ 1843ರ ಕಾರ್ಡೂ ಕಲ್ಲಚ್ಚಿನಲ್ಲಿ ಮುದ್ರಿಸಿ ಕೈಯಲ್ಲಿ ಬಣ್ಣ ಹಾಕಿದ್ದೇ. ಕೈ ಬಣ್ಣ ಅನ್ನುವುದೂ ಉಳಿಯುತ್ತದೆ, ನಿಮ್ಮ ಬೆನ್ನೂ ಉಳಿಯುತ್ತದೆ.

ಪ್ರಶ್ನೆ: ಕಾರ್ಡು ಎಷ್ಟು ದೊಡ್ಡದಿರಬೇಕು? ಅಂಚೆಗೆ ಜಾಸ್ತಿ ಸ್ಟಾಂಪು ಬೇಕಾಗುತ್ತಾ? (ಬಳ್ಳಾರಿ)

ಎ5 ಹಾಳೆಯನ್ನು ಅರ್ಧಕ್ಕೆ ಮಡಚಿ, ಎ6 ಕಾರ್ಡು ಆಗುತ್ತದೆ, ಅಂದರೆ 105 ಗುಣಿಸು 148 ಮಿಲಿಮೀಟರ್. ಅದಕ್ಕೆ ಸಿ6 ಲಕೋಟೆ, 114 ಗುಣಿಸು 162, ಸರಿಯಾಗಿ ಕೂರುತ್ತದೆ. ತೂಕದ ಲೆಕ್ಕ ಸುಲಭ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ. 300 ಜಿಎಸ್‌ಎಂನ ಎ5 ಹಾಳೆ ಸುಮಾರು 9.3 ಗ್ರಾಂ, ಲಕೋಟೆ ನಾಲ್ಕೈದು ಗ್ರಾಂ, ಒಟ್ಟು 14ರ ಆಸುಪಾಸು. ಸಾಮಾನ್ಯ ಪತ್ರದ ಮೊದಲ ಹಂತ 20 ಗ್ರಾಂವರೆಗೆ, ಅದರೊಳಗೇ ಬಂತು. ಅಂಟಿಸಿದ ಸಣ್ಣ ಚಿತ್ರ ಇದ್ದರೂ 20 ದಾಟುವುದಿಲ್ಲ. ಎ4 ಮಡಚಿ ದೊಡ್ಡ ಕಾರ್ಡು ಮಾಡಿದಿರೋ, ಹಾಳೆಯೇ 18.7 ಗ್ರಾಂ, ಲಕೋಟೆ ಸೇರಿದರೆ 20 ದಾಟಿತು. ಮಣಿ, ಮಿಂಚು, ರಿಬ್ಬನ್ ಅಂಟಿಸಬೇಡಿ. ಅಂಚೆ ಮುದ್ರೆ ಬೀಳುವಾಗ ಮೊದಲು ಹಾಳಾಗುವುದು ಅವೇ.

ಪ್ರಶ್ನೆ: ನೆಟ್ಟಿನಲ್ಲಿ ಸಿಗುವ ಹೂವಿನ ಫೋಟೊ, ಬೇರೆಯವರ ಪೇಂಟಿಂಗ್ ನೋಡಿ ಬಿಡಿಸುತ್ತೇನೆ. ಮಾರಿದರೆ ತಪ್ಪೇ? ಕಿನ್ನಾಳದ ಗೊಂಬೆಗಳನ್ನೂ ಹಾಕುವ ಯೋಚನೆ ಇದೆ. (ಲಿಂಗಸುಗೂರು)

ಕಲಿಯಲು ನೋಡಿ ಬಿಡಿಸಿ, ಯಾರೂ ಕೇಳುವುದಿಲ್ಲ. ಮಾರಲು ಬೇಡ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದರು ಬದುಕಿರುವವರೆಗೆ, ಆಮೇಲೆ 60 ವರ್ಷ ಚಿತ್ರದ ಹಕ್ಕು ಅವರದು, ಅವರ ವಾರಸುದಾರರದು. ಫೋಟೊಗೂ ಹಕ್ಕಿದೆ. ‘ಸ್ವಲ್ಪ ಬದಲಾಯಿಸಿದ್ದೀನಿ’ ಅನ್ನುವುದು ನಡೆಯುವುದಿಲ್ಲ. ಆದರೆ ಕಕ್ಕೆ ಹೂವಿಗೆ ಯಾರ ಹಕ್ಕೂ ಇಲ್ಲ. ನಿಮ್ಮದೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಒಂದು ಗೊಂಚಲು ಕಿತ್ತು ತಂದು ಲೋಟದಲ್ಲಿಡಿ, ಎದುರಿಗೆ ಕೂತು ಬಿಡಿಸಿ. ಹಾಗೆ ಬಿಡಿಸಿದ್ದರಲ್ಲಿ ಎಲೆ ಎಲ್ಲಿ ತೂತಾಗಿದೆ ಅನ್ನುವುದೂ ಬರುತ್ತದೆ, ನೆಟ್ಟಿನ ಹೂವಿನಲ್ಲಿ ಅದಿರುವುದಿಲ್ಲ.

ಕಿನ್ನಾಳದ ಗೊಂಬೆ ನೋಡಿ ಚಿತ್ರ ಬರೆಯುವ ಆಸೆ ಒಳ್ಳೆಯದೇ, ಮಾಡಿದ ಕಲಾವಿದರನ್ನು ಒಂದು ಮಾತು ಕೇಳಿ, ಹಿಂಬದಿಯಲ್ಲಿ ಅವರ ಹೆಸರೂ ಇರಲಿ. ‘ಕಿನ್ನಾಳ ಕಲೆ’ ಅಂತ ಮಾತ್ರ ಹೆಸರಿಟ್ಟು ಮಾರಬೇಡಿ. ಆ ಕಸುಬಿಗೆ ಜಿಐ (ಊರಿನ ಹೆಸರಿಗೆ ಅಂಟಿದ ಭೌಗೋಳಿಕ ಗುರುತು) ಮಾನ್ಯತೆ ಇದೆ, ಆ ಹೆಸರು ಆ ಕಸುಬಿನವರದು.

ಪ್ರಶ್ನೆ: ಒಂದು ಕಾರ್ಡಿಗೆ ಎಷ್ಟು ಬೆಲೆ ಇಡಲಿ? ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಅಂಗಡಿ ಹಾಕಿದರೆ ಹೇಗೆ? (ಕುಷ್ಟಗಿ)

ಕಾಗದ, ಬಣ್ಣ, ಲಕೋಟೆ, ಕವರು ಸೇರಿ ₹20 ಬಿತ್ತು ಅಂದುಕೊಳ್ಳಿ. ಬಿಡಿಸಲು ಅರ್ಧ ಗಂಟೆ. ಆ ಅರ್ಧ ಗಂಟೆಗೆ ನೀವು ಎಷ್ಟು ಕೂಲಿ ಕೇಳುತ್ತೀರಿ ಅದನ್ನು ಸೇರಿಸಿ, ಅಂಗಡಿಯಲ್ಲಿ ಇಡುವುದಾದರೆ ಅಂಗಡಿಯವರ ಪಾಲು ಎಷ್ಟು ಅಂತ ಮೊದಲೇ ಮಾತಾಡಿ ಅದನ್ನೂ ಸೇರಿಸಿ. ಹೆಣ್ಣುಮಕ್ಕಳು ಕಾಗದದ ಲೆಕ್ಕ ಹಾಕುತ್ತಾರೆ, ಕೂಲಿಯ ಲೆಕ್ಕ ಮರೆತುಬಿಡುತ್ತಾರೆ, ಇದನ್ನು ಎಷ್ಟು ಸಲ ಬರೆದರೂ ಕಡಿಮೆಯೇ. ಕೈಯಲ್ಲಿ ಬಿಡಿಸಿದ್ದು ಒಂದೊಂದಾಗಿ, ಪ್ರಿಂಟ್ ಮಾಡಿಸಿದ್ದು ನಾಲ್ಕರ ಸೆಟ್ಟಾಗಿ ಮಾರಿ.

ಜಾತ್ರೆಯ ಗದ್ದಲ, ಧೂಳಿಗೆ ಬಿಳಿ ಕಾರ್ಡು ಹೊಂದುವುದಿಲ್ಲ. ಪುಸ್ತಕದ ಅಂಗಡಿ, ಆನೆಗೊಂದಿ ಕಡೆಯ ಹೋಂಸ್ಟೇ, ಹೊಸಪೇಟೆಯ ಹೋಟೆಲಿನ ಕೌಂಟರು ನೋಡಿ. ಮದುವೆ ಮುಗಿಸಿದವರನ್ನು ವಿಚಾರಿಸಿ. ಉಡುಗೊರೆ ಕೊಟ್ಟವರಿಗೆ ನಾಲ್ಕು ಸಾಲು ಬರೆದು ಕಳಿಸುವುದಕ್ಕೆ ಒಟ್ಟಿಗೇ ಐವತ್ತು ಕಾರ್ಡು ಬೇಕಾಗಬಹುದು. ಅಂಗಡಿಯ ಗಾಜಿನ ಬಾಗಿಲಿಗೆ ಮಾತ್ರ ಮಾದರಿ ಕಾರ್ಡು ಅಂಟಿಸಬೇಡಿ, ನಮ್ಮ ಬಿಸಿಲಿಗೆ ಗುಲಾಬಿ, ನೇರಳೆ ಮೊದಲು ಹಾರಿಹೋಗುತ್ತವೆ. ಟ್ಯೂಬಿನ ಮೇಲೆ ಬಣ್ಣ ಬಿಸಿಲಿಗೆ ಎಷ್ಟು ತಡೆಯುತ್ತದೆ ಅನ್ನುವ ಗುರುತು ಇರುತ್ತದೆ, ಕೊಳ್ಳುವಾಗ ನೋಡಿ. ಅಲಿಜರಿನ್ ಕ್ರಿಮ್ಸನ್ ಅನ್ನುವ ಕಡುಗೆಂಪನ್ನು ನಂಬುವ ಹಾಗಿಲ್ಲ.

ಪ್ರಶ್ನೆ: ಅಕ್ಕ ಕೊಟ್ಟಿದ್ದ ಇಂಥ ಕಾರ್ಡಿನ ಪೆಟ್ಟಿಗೆ ವರ್ಷಗಳಿಂದ ಬೀರುವಿನಲ್ಲಿದೆ. ಇಷ್ಟು ಚೆಂದ ಇವೆ, ಯಾರಿಗೋ ಯಾಕೆ ಕಳಿಸಲಿ ಅಂತ ಇಟ್ಟುಕೊಂಡೆ. ಈಗ ನೋಡಿದರೆ ಕಂದು ಚುಕ್ಕೆ ಬಿದ್ದಿವೆ. ಹೋಗಿಸಬಹುದಾ? (ಮಾನ್ವಿ)

ಮನೆಯಲ್ಲಿ ಹೋಗಿಸಲು ಆಗುವುದಿಲ್ಲ. ಬ್ಲೀಚು, ನಿಂಬೆಹಣ್ಣು ಅಂತ ಏನೂ ಹಚ್ಚಬೇಡಿ, ಚಿತ್ರದ ಬಣ್ಣವೂ ಹೋಗುತ್ತದೆ. ಮಳೆಗಾಲದ ತೇವ, ಬೂಷ್ಟು, ಕಾಗದದ ಒಳಗಿನ ಹುಳಿ (ಆಮ್ಲ) ಎಲ್ಲ ಸೇರಿ ಹಾಗಾಗುತ್ತದೆ. ಕಾರ್ಡುಗಳನ್ನು ಹೊರಗೆ ತೆಗೆದು ನೆರಳಲ್ಲಿ, ಗಾಳಿಯಾಡುವ ಕಡೆ ಒಂದು ದಿನ ಹರಡಿ. ಹಳೇ ನ್ಯೂಸ್‌ಪೇಪರಿನಲ್ಲಿ ಸುತ್ತಿದ್ದರೆ ಅದನ್ನು ಎಸೆಯಿರಿ, ಅದರ ಹುಳಿಯೂ ಕಾರ್ಡಿಗೆ ಹತ್ತುತ್ತದೆ. ಹೊಸ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಅದಕ್ಕಿಂತ ಒಳ್ಳೆಯದು, ಇಡಲೇಬೇಡಿ, ಬರೆದು ಮುಗಿಸಿ. ಚುಕ್ಕೆ ಇದ್ದರೂ ಓದುವವರಿಗೆ ಏನೂ ತೊಂದರೆ ಇಲ್ಲ. ಏನು ಬರೆಯಲಿ ಅಂತ ಗೊತ್ತಾಗದಿದ್ದರೆ ಈ ವಾರ ನಿಮ್ಮ ಓಣಿಯಲ್ಲಿ ಏನಾಯ್ತು ಅಂತ ಐದಾರು ಸಾಲು ಬರೆಯಿರಿ: ಯಾರ ಮನೆಗೆ ಸೊಸೆ ಬಂದಳು, ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ. ಮೊದಲನೆಯದು ಅಕ್ಕನಿಗೇ ಹೋಗಲಿ. ಇಷ್ಟು ವರ್ಷದ ಮೇಲೆ ಲಕೋಟೆಯ ಗೋಂದು ಹಿಡಿಯುವುದಿಲ್ಲ, ಗ್ಲೂ ಸ್ಟಿಕ್ ಹಚ್ಚಿ.